ಕೊನೆಯ ಕವರು ಮುಗಿಯುವ ತನಕ

ಕೆನ್ನೆ ಮಾವ ತೀರಿಕೊಂಡ ಮೇಲೂ ನಮೂನೆ ಕೊಠಡಿಯಲ್ಲಿ ಚೂರು ಉಳಿದಿದ್ದ. ಚೂರೆಂದರೆ ನಿಜಕ್ಕೂ ಚೂರೇ: ಬೆರಳುದ್ದದ ಕಡ್ಡಿಯ ತುದಿಗೆ ಸುತ್ತಿದ ಹತ್ತಿ, ಆ ಹತ್ತಿಗಂಟಿ ಒಣಗಿದ ಅವನ ಎಂಜಲು. ಅದನ್ನು ಕಾಗದದ ಕವರಿಗೆ ಹಾಕಿ, ಮೊಹರು ಒತ್ತಿ, ಹೆಸರಿನ ಬದಲು ನಂಬರು ಅಂಟಿಸಿ ಮೂರನೆಯ ಕಪಾಟಿನಲ್ಲಿ ಇಡಲಾಗಿತ್ತು. ಆ ಕಪಾಟಿನ ಬೀಗದ ಕೈ ಇದ್ದದ್ದು ಫ್ರಿಜ್ಜಮ್ಮನ ಸೊಂಟದಲ್ಲಿ.

ಆಕೆಗೆ ಫ್ರಿಜ್ಜಮ್ಮ ಎಂದು ಹೆಸರಿಟ್ಟವನೂ ಅವನೇ. ಸರ್ಕಾರದ ಡಿಎನ್‌ಎ ಕೇಂದ್ರದಲ್ಲಿ ನಮೂನೆ ಕೊಠಡಿಯ ಉಸ್ತುವಾರಿ ಅವಳದು. ಹೊರಗೆ ಬಿಸಿಲು ಸುರಿಯುತ್ತಿದ್ದರೂ ಒಳಗೆ ಸ್ವೆಟರ್ ಬೇಕೆನಿಸುವ ಕೊಠಡಿ. ಬಾಗಿಲಿಗೆ ಬಂದವರು ಯಾರೇ ಆಗಲಿ, ನಿರ್ದೇಶಕರೇ ಆಗಲಿ, ಅವಳ ಮೊದಲ ಮಾತು ಒಂದೇ: "ಅಲ್ಲೇ ನಿಲ್ಲಿ. ಮಾಸ್ಕ್ ಎಲ್ಲಿ?" ಎರಡನೆಯ ಮಾತು ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಮಾವನಿಗೆ ಮಾತೇ ಬಂಡವಾಳ. ಊರೂರು ಸುತ್ತಿ ಜನರ ಕೆನ್ನೆಯ ಒಳಬದಿಗೆ ಹತ್ತಿಯ ಕಡ್ಡಿ ಉಜ್ಜಿ ನಮೂನೆ ತರುವುದು ಅವನ ಕೆಲಸ. ಠಾಣೆ, ಆಸ್ಪತ್ರೆ, ಕಾಣೆಯಾದವರ ಮನೆ, ಎಲ್ಲಿಗೆ ಹೋದರೂ ಹೆಗಲ ಚೀಲ ಕೆಳಗಿಡುವ ಮೊದಲೇ ಅವನಿಗೆ ಯಾರೋ ಅತ್ತಿಗೆ, ಯಾರೋ ತಮ್ಮ, ಯಾರೋ ದೊಡ್ಡಮ್ಮ ಆಗಿಬಿಟ್ಟಿರುತ್ತಿದ್ದರು. ಪೊಲೀಸರೆದುರು ಹಲ್ಲು ಕಚ್ಚಿ ಕೂತವರೂ ಮಾವ ಪಕ್ಕಕ್ಕೆ ಬಂದು ಕೂತರೆ "ಆ" ಅನ್ನುತ್ತಿದ್ದರು. ತಮ್ಮ ಕೇಂದ್ರದ ನಿಯಮವನ್ನು ಅವನು ವಿವರಿಸುವ ರೀತಿಯೇ ಬೇರೆ.

"ನೋಡಿ, ನಮ್ಮಲ್ಲಿ ಮೂರು ಕಪಾಟು. ಒಂದು ಅಪರಾಧದ್ದು. ಒಂದು ಕಾಣೆಯಾದವರ ಮನೆಯವರದ್ದು, ಗುರುತು ಸಿಗದ ಹೆಣಗಳದ್ದೂ ಅದರಲ್ಲೇ. ಇನ್ನೊಂದು ನಮ್ಮದೇ, ಆಫೀಸಿನವರದ್ದು. ಒಂದರ ಬೀಗದ ಕೈ ಇನ್ನೊಂದಕ್ಕೆ ಹಾಕೋ ಹಾಗಿಲ್ಲ. ನೀವು ಮಗನ್ನ ಹುಡುಕೋಕೆ ಅಂತ ಕೊಟ್ಟಿದ್ದನ್ನ ಗುರುತು ಸಿಗದ ಹೆಣಗಳ ಜೊತೆ ಮಾತ್ರ ಹೋಲಿಸ್ತಾರೆ, ಕಳ್ಳರ ಜೊತೆ ಅಲ್ಲ. ಯಾರಾದ್ರೂ ಹೋಲಿಸೋಕೆ ಬಂದ್ರೆ ಬಾಗಿಲಲ್ಲಿ ನಮ್ಮ ಫ್ರಿಜ್ಜಮ್ಮ ಇದ್ದಾಳೆ. ಅವಳ ಮುಖ ನೋಡಿದ್ರೆ ಕಳ್ಳ ಅಲ್ಲ, ಕಮಿಷನರ್ರೂ ವಾಪಸ್ ಹೋಗ್ತಾರೆ."

ಅವನ ತೊಂದರೆಯೂ ಆ ಮಾತೇ. ನಮೂನೆ ತೆಗೆಯುವಾಗ ಮಾಸ್ಕ್ ಹಾಕಿರಬೇಕು, ಮಾತಾಡಬಾರದು ಎಂಬುದು ನಿಯಮ. ಮಾತಾಡಿದರೆ ಕಣ್ಣಿಗೆ ಕಾಣದ ತುಂತುರು ಹಾರಿ ಹತ್ತಿಗೆ ತಗಲುತ್ತದೆ. ಹತ್ತಿಯಲ್ಲಿ ಇಬ್ಬರ ಗುರುತು ಬೆರೆಯುತ್ತದೆ. ಮಾವ ಮಾಸ್ಕ್ ಹಾಕಿಕೊಂಡು ಹೋಗುತ್ತಿದ್ದ. ಆದರೆ ಅದು ಯಾವ ಗಳಿಗೆಯಲ್ಲಿ ಗಲ್ಲದ ಕೆಳಗೆ ಜಾರುತ್ತಿತ್ತೋ ಅವನಿಗೇ ತಿಳಿಯುತ್ತಿರಲಿಲ್ಲ. ಮೂರನೆಯ ಕಪಾಟು ಇರುವುದು ಇಂಥದ್ದಕ್ಕಾಗಿಯೇ. ಕೇಂದ್ರದಲ್ಲಿ ಕೆಲಸಕ್ಕೆ ಸೇರಿದವರು, ಕಸ ಗುಡಿಸುವಾಕೆಯಿಂದ ನಿರ್ದೇಶಕರ ತನಕ, ತಮ್ಮ ಕೆನ್ನೆಯನ್ನೂ ಒಡ್ಡಲೇಬೇಕು. ಯಾವುದಾದರೂ ನಮೂನೆಯಲ್ಲಿ ಗುರುತಿಲ್ಲದ ಎರಡನೆಯವರು ಕಂಡರೆ ಮೊದಲು ಆಫೀಸಿನವರನ್ನೇ ಅನುಮಾನಿಸಬೇಕು.

ಆ ಎರಡನೆಯವರು ಎಷ್ಟೋ ಸಲ ಮಾವನೇ ಆಗಿರುತ್ತಿದ್ದ.

"ಅಕ್ಕಾ, ಮಾವ ಬಂದಿದ್ದಾರೆ!" ಎಂದು ಪರೀಕ್ಷೆಯ ಮಿಷನ್ನು ನೋಡಿಕೊಳ್ಳುವ ಹುಡುಗಿ ಗಾಜಿನ ಆಚೆಯಿಂದ ಕೂಗಿದರೆ ಫ್ರಿಜ್ಜಮ್ಮನಿಗೆ ಅರ್ಥವಾಗುತ್ತಿತ್ತು. ಆ ನಮೂನೆ ರದ್ದು; ಮಾವ ಇನ್ನೊಮ್ಮೆ ಹೋಗಬೇಕು.

"ನಿನಗೆ ನಾಚಿಕೆ ಅನ್ನೋದು ಇದೆಯಾ?" ಎಂದು ಅವಳು ಕೇಳಿದರೆ ಅವನು ತಲೆ ಕೆರೆದುಕೊಳ್ಳುತ್ತಿದ್ದ.

"ಎಲ್ಲರ ಮನೆಗೂ ಕರೀದೇ ಹೋಗೋ ನೆಂಟ ಕಣಮ್ಮಾ ನಾನು. ಏನ್ ಮಾಡ್ಲಿ, ರಕ್ತದಲ್ಲೇ ಬಂದಿದೆ."

"ರಕ್ತದಲ್ಲಲ್ಲ, ಎಂಜಲಲ್ಲಿ. ಬಾಯಿ ಮುಚ್ಚಪ್ಪಾ ಪುಣ್ಯಾತ್ಮ."

ಬೈಸಿಕೊಂಡ ಮೇಲೆ ಸ್ವಲ್ಪ ದಿನ ಅವನದು ಮೌನವ್ರತ. ಆಮೇಲೆ ಯಥಾಪ್ರಕಾರ. ಅವನು ಇಲ್ಲದ ದಿನ ಕೊಠಡಿ ಇನ್ನೂ ತಣ್ಣಗಾಗುತ್ತದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಆದರೆ ಅದನ್ನು ಹೇಳಿದರೆ ಅವನು ಅಟ್ಟಕ್ಕೇರುತ್ತಾನೆಂದು ಹೇಳಿರಲಿಲ್ಲ.

ಕೊನೆಯ ಸಂಜೆಯೂ ಅವನು ಬಾಗಿಲಿಗೆ ಒರಗಿ ನಿಂತು ಚೀಲ ಒಪ್ಪಿಸಿದ. ಕವರುಗಳನ್ನು ಅವಳು ಎತ್ತಿಡುತ್ತಿರುವಾಗಲೇ ಶುರುವಾಯಿತು. "ಇವತ್ತು ಒಬ್ಬ ಟೈಲರಮ್ಮ ಸಿಕ್ಕಿದ್ರು, ಕೇಳು..."

"ಬೇಡ. ಇದು ಯಾರದ್ದು ಅಂತ ನನಗೆ ಗೊತ್ತಾಗಬಾರದು. ನಂಬರು ಸಾಕು."

"ನೀನೊಂದು ನಂಬರು. ಕತೆ ಕೇಳಿದ್ರೆ ನಂಬರೇನು ಕರಗಿಹೋಗುತ್ತಾ?"

"ಬಾಯಿ ಮುಚ್ಚಪ್ಪಾ ಪುಣ್ಯಾತ್ಮ, ಬಸ್ಸು ಹೋಗುತ್ತೆ."

ಅವನು ನಗುತ್ತಾ ಹೋದ. ಬಸ್ ಸ್ಟಾಪಿನ ಬೆಂಚಿನಲ್ಲಿ, ಪಕ್ಕದವರಿಗೆ ಏನೋ ಹೇಳುತ್ತಿದ್ದವನು, ಅರ್ಧ ಮಾತಿಗೇ ಎದೆ ಹಿಡಿದುಕೊಂಡನಂತೆ. ಆಸ್ಪತ್ರೆ ಎದುರಿಗೇ ಇತ್ತು. ಉಪಯೋಗವಾಗಲಿಲ್ಲ.

ಮಣ್ಣಿಗೆ ಹೋಗಿ ಬಂದ ಮೇಲೆ ಅವಳು ಸ್ವೆಟರ್ ಹಾಕಿಕೊಂಡು ಕೂತು ಮೂರನೆಯ ಕಪಾಟನ್ನು ನೋಡಿದಳು. ನಿಯಮ ಅವಳಿಗೆ ಬಾಯಿಪಾಠ. ನೌಕರರು ಕೆಲಸ ಬಿಟ್ಟರೆ, ಇಲ್ಲವೇ ತೀರಿಕೊಂಡರೆ, ಅವರು ತಂದ ಕೊನೆಯ ಕವರಿನ ಪರೀಕ್ಷೆ ಮುಗಿಯುವ ತನಕ ಅವರ ನಮೂನೆ ಇರಬೇಕು. ಅದು ಮುಗಿದರೆ ಒಬ್ಬ ಸಾಕ್ಷಿಯ ಎದುರು ಸುಡಬೇಕು. ಕಂಪ್ಯೂಟರಿನಲ್ಲಿರುವ ಅವರ ಅಂಕಿಗಳನ್ನೂ ಅಳಿಸಬೇಕು. ಯಾರಿಗೂ ಕೊಡುವಂತಿಲ್ಲ, ನೆನಪಿಗೆಂದು ಇಟ್ಟುಕೊಳ್ಳುವಂತಿಲ್ಲ. ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಇದನ್ನು ಮುಖ ಗಂಟಿಕ್ಕಿಕೊಂಡು ಹೇಳಿದವಳು ಅವಳೇ.

ಮಾವ ತಂದ ಕವರುಗಳು ಇನ್ನೂ ರಾಶಿ ಇದ್ದವು. ರಾಶಿ ಇರುವಷ್ಟು ದಿನ ಅವಳಿಗೆ ನೆಮ್ಮದಿಯಿತ್ತು. ಬೆಳಿಗ್ಗೆ ಕಪಾಟು ತೆರೆದರೆ ಅವನು ಅಲ್ಲಿದ್ದ. ಮಾತಿಲ್ಲದ ಮಾವ, ಅದೂ ಒಂದು ಸೋಜಿಗ. ಆದರೆ ಮಿಷನ್ನಿನ ಹುಡುಗಿ ಚುರುಕು. ರಾಶಿ ಕರಗುತ್ತಾ ಬಂತು. ಕಡೆಗೆ ಒಂದೇ ಕವರು ಉಳಿಯಿತು, ಆ ಕೊನೆಯ ಸಂಜೆಯ ಚೀಲದ್ದು. ಅಂಚಿಗೆ ಹಳದಿ ಪಟ್ಟಿ. ಎಂದರೆ ಕಾಣೆಯಾದವರ ಮನೆಯವರದ್ದು.

"ಅಕ್ಕಾ, ಮಾವಂದು ಇನ್ನೊಂದು ಇದೆಯಲ್ಲ?" ಹುಡುಗಿ ಕೇಳಿದಳು.

"ನಾಳೆ ಕೊಡ್ತೀನಿ."

ಮಾರನೆಯ ದಿನ ಲೇಬಲ್ ಸರಿಯಾಗಿ ನೋಡಬೇಕು ಎಂದಳು. ಲೇಬಲ್ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಅದರ ಮಾರನೆಯ ದಿನ ಹುಡುಗಿ ಕೇಳಲೂ ಇಲ್ಲ. ಗಾಜಿನಾಚೆಯಿಂದ ಒಮ್ಮೆ ನೋಡಿ ಕಣ್ಣು ತಗ್ಗಿಸಿದಳು. ಅದು ಫ್ರಿಜ್ಜಮ್ಮನಿಗೆ ಕೇಳಿದ್ದಕ್ಕಿಂತ ಜೋರಾಗಿ ತಾಕಿತು.

ಆ ಮಧ್ಯಾಹ್ನವೇ ಫೋನು ಬಂತು.

"ಹಲೋ, ಕೆನ್ನೆಗೆ ಹತ್ತಿ ಉಜ್ಜೋ ಅಣ್ಣ ಇದ್ದಾರಾ? ಈ ನಂಬರ್ ಅವರೇ ಕೊಟ್ಟಿದ್ದು. 'ಏನಿದ್ರೂ ಫ್ರಿಜ್ಜಮ್ಮನ್ನ ಕೇಳಿ, ಬೈದ್ರೂ ಕೆಲಸ ಮಾಡ್ತಾಳೆ' ಅಂದಿದ್ರು."

ಫ್ರಿಜ್ಜಮ್ಮ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಹೇಳಿ ಅಮ್ಮಾ."

"ನನ್ನ ಮಗಂದು ಏನಾದ್ರೂ ಗೊತ್ತಾಯ್ತಾ? ಫೋನ್ ಗಂಟೆ ಹೊಡೆದ್ರೆ ಹೊಲಿಗೆ ಮಿಷನ್ ತುಳಿಯೋ ಕಾಲು ನಿಂತುಹೋಗುತ್ತೆ ಮೇಡಂ. ಗಿರಾಕಿಗಳ ಬಟ್ಟೆ ಹಾಗೇ ಬಿದ್ದಿದೆ. ಇದೆ ಅಂದ್ರೂ ಸರಿ, ಇಲ್ಲ ಅಂದ್ರೂ ಸರಿ, ಒಂದು ಮಾತು ಹೇಳಿಬಿಡಿ." ಆಮೇಲೆ ಮಾವ ಕೊಟ್ಟಿದ್ದ ಚೀಟಿಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ಓದಿದಳು.

ಅಂಕಿಗಳನ್ನು ಬರೆದುಕೊಳ್ಳುವ ಅಗತ್ಯವಿರಲಿಲ್ಲ. ಆ ಕವರು ಅವಳ ಮೇಜಿನ ಮೇಲೇ ಇತ್ತು. ಅವಳು ಫೋನಿಟ್ಟವಳೇ ಕವರನ್ನು ಗಾಜಿನ ಕಿಂಡಿಯಿಂದ ದಾಟಿಸಿದಳು. "ಇವತ್ತೇ ಹಾಕು" ಎಂದಳು. ಅಷ್ಟು ಹೇಳಿ ಕೈ ತೊಳೆಯಲು ಹೋದಳು. ತೊಳೆಯುವಂಥದ್ದು ಕೈಯಲ್ಲಿ ಏನೂ ಇರಲಿಲ್ಲ.

ಫಲಿತಾಂಶ ಬಂದಾಗ ಹುಡುಗಿ ಕೂಗಲಿಲ್ಲ. ಕೊಠಡಿಯ ಬಾಗಿಲ ತನಕ ಬಂದು ನಿಂತಳು.

"ಅಕ್ಕಾ... ಮಾವ ಬಂದಿದ್ದಾರೆ."

ಫ್ರಿಜ್ಜಮ್ಮ ನಕ್ಕಳು. ನಗುತ್ತಾ ನಗುತ್ತಾ ಕುರ್ಚಿಯಲ್ಲಿ ಕೂತಳು. "ಹೋಗುವಾಗಲೂ ಬುದ್ಧಿ ಬರಲಿಲ್ಲ ನೋಡು ಇವನಿಗೆ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಮೂನೆ ರದ್ದಾಯಿತು. ಮತ್ತೆ ತರಬೇಕು. ಮಾವನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ; ಬರುವ ತನಕ ಆ ತಾಯಿ ಕಾಲು ನಿಲ್ಲಿಸಿಕೊಂಡು ಕಾಯಬೇಕು. ಫ್ರಿಜ್ಜಮ್ಮ ನಿರ್ದೇಶಕರ ಕೋಣೆಗೆ ಹೋಗಿ, "ನಾನೇ ಹೋಗ್ತೀನಿ" ಎಂದಳು. ಅವರು ತಲೆಯೆತ್ತಿ, "ಜನರ ಹತ್ರ ಮಾತಾಡಬೇಕಾಗುತ್ತಮ್ಮಾ" ಎಂದರು.

"ಗೊತ್ತು ಸರ್. ಅದಕ್ಕೇ ಒಬ್ಬಳೇ ಹೋಗ್ತೀನಿ. ನಾನು ಮಾತಾಡೋದನ್ನ ಯಾರೂ ನೋಡೋದು ಬೇಡ."

ಟೈಲರಮ್ಮನ ಅಂಗಡಿ ಒಂದು ಓಣಿಯ ತುದಿಯಲ್ಲಿತ್ತು. ಮಗನನ್ನು ಕಳೆದುಕೊಂಡವಳು ಮುದುಕಿ ಇರಬಹುದೆಂದು ಫ್ರಿಜ್ಜಮ್ಮ ಊಹಿಸಿದ್ದಳು. ನೋಡಿದರೆ ತನ್ನದೇ ವಯಸ್ಸು, ಕೊರಳಲ್ಲಿ ಅಳತೆಯ ಟೇಪು. ಸೂಜಿಗೆ ಪೋಣಿಸಲು ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಳ್ಳುತ್ತಿದ್ದಳು. ನಂಬರುಗಳಿಗೆ ಮುಖ ಇರುತ್ತದೆಂಬುದು ಫ್ರಿಜ್ಜಮ್ಮನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಅವಳು ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು.

ಮಾಸ್ಕ್ ಹಾಕಿಕೊಂಡೇ ಒಳಗೆ ಹೋದಳು. ಮೊದಲ ನಮೂನೆ ಕೆಟ್ಟಿದೆ ಎಂದಳು. ತಂದ ಅಣ್ಣ ಈಗಿಲ್ಲ ಎಂದೂ ಹೇಳಿದಳು. ಎರಡನ್ನೂ ಒಂದೇ ಉಸಿರಿಗೆ, ಲೇಬಲ್ ಓದಿದ ಹಾಗೆ.

ಟೈಲರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಅಯ್ಯೋ, ಅದು ನನ್ನಿಂದ ಆಗಿದ್ದು ಮೇಡಂ" ಎಂದಳು ಆಮೇಲೆ. "ಅವರು ಬಂದಾಗ ಮಾಸ್ಕ್ ಸರಿಯಾಗೇ ಹಾಕಿದ್ರು. ನಾನೇ ಅಂದೆ, ಮುಖ ಕಾಣದವರ ಎದುರು ಬಾಯಿ ತೆಗೆಯೋಕೆ ನನಗೆ ಭಯ ಆಗುತ್ತೆ ಅಣ್ಣಾ, ನನ್ನ ಮಗ ಎಲ್ಲೋ ಏನೋ ಮಾಡಿಕೊಂಡಿದ್ರೆ ಇದರಿಂದ ಹಿಡಿದುಬಿಡ್ತೀರೇನೋ ಅಂತ. ಆಗ ಅದನ್ನ ಕೆಳಗಿಳಿಸಿ ನಕ್ಕರು. 'ನೋಡಿಯಮ್ಮಾ, ಇದೇ ಮುಖ, ಚೆನ್ನಾಗಿಲ್ಲ, ಆದ್ರೆ ಸುಳ್ಳು ಹೇಳಲ್ಲ' ಅಂದ್ರು. ದಿನಾ ದಾರ ಬಾಯಿಗಿಡ್ತೀರಲ್ಲ, ಇದೂ ಹಾಗೇ ಒಂದು ದಾರ, ಆ ಕಡೆ ತುದೀಲಿ ನಿಮ್ಮ ಮಗ ಇದ್ದಾನೋ ಇಲ್ಲವೋ ಎಳೆದು ನೋಡೋಣ ಅಂದ್ರು."

ಆ ಸಂಜೆ ಬಾಗಿಲಿಗೆ ಒರಗಿ ಮಾವ ಹೇಳಹೊರಟಿದ್ದ ಕತೆ ಇದೇ. ಫ್ರಿಜ್ಜಮ್ಮ ಅದನ್ನು ಈಗ ಪೂರ್ತಿ ಕೇಳಿದಳು. ರದ್ದು ಮಾಡಿದ ಎಷ್ಟೊಂದು ಕವರುಗಳು ನೆನಪಾದವು. ಅವನ್ನು ಹಾಳುಮಾಡಿದ್ದು ಅವನ ಚಪಲ ಎಂದೇ ಅವಳು ತಿಳಿದಿದ್ದಳು. ಇರಬಹುದು, ಅರ್ಧ ಅದೂ ಇತ್ತು. ಇನ್ನರ್ಧ ಮಾತ್ರ ಹೀಗೆ ಯಾರದೋ ಅಂಗಡಿಯ ಸ್ಟೂಲಿನ ಮೇಲೆ ಕೂತಾಗ ಆದದ್ದು.

ಅವಳು ಅಂಗಡಿಯ ಇನ್ನೊಂದು ಮೂಲೆಗೆ ಹೋಗಿ ನಿಂತು, ಮಾಸ್ಕ್ ತೆಗೆದಳು.

"ನಾನೇ ಫ್ರಿಜ್ಜಮ್ಮ" ಎಂದಳು.

ಟೈಲರಮ್ಮ ನೋಡಿ, "ಅಣ್ಣ ಹೇಳಿದಷ್ಟೇನೂ ಭಯ ಆಗಲ್ಲ ಬಿಡಿ" ಎಂದಳು. ಇಬ್ಬರಿಗೂ ನಗು ಬಂತು.

"ಕೀಲಿ ನನ್ನ ಹತ್ರ ಇದೆ. ನಿಮ್ಮದನ್ನ ಬೇರೆ ಯಾವ ಕಪಾಟಿನ ಜೊತೆಗೂ ಹೋಲಿಸೋಕೆ ಬಿಡಲ್ಲ. ಬೇಡ ಅನ್ನಿಸಿದ ದಿನ ಒಂದು ಮಾತು ಹೇಳಿ, ತೆಗೆದು ಸುಡ್ತೀನಿ, ಬೇಕಾದ್ರೆ ನೀವೇ ಬಂದು ನೋಡಿ." ಸೊಂಟದ ಗೊಂಚಲನ್ನು ಎತ್ತಿ ತೋರಿಸಿದಳು. ಮಾವನ ಬಗ್ಗೆ ಇನ್ನೂ ಸ್ವಲ್ಪ ಮಾತಾಡಿದರು. ಆಮೇಲೆ, "ಮುಖ ನೋಡಿದ್ದಾಯ್ತಲ್ಲ? ಈಗ ಮುಚ್ಚಿಕೊಳ್ತೀನಿ" ಎಂದು ಹೊಸ ಮಾಸ್ಕ್, ಹೊಸ ಕೈಗವಸು ಹಾಕಿಕೊಂಡು ಬಂದು ಕೂತಳು. ಟೈಲರಮ್ಮ ಬಾಯಿ ತೆರೆದಳು. ಇಬ್ಬರೂ ಮಾತಾಡಲಿಲ್ಲ.

ನಮೂನೆ ಸ್ವಚ್ಛವಾಗಿ ಬಂತು, ಒಬ್ಬರದೇ ಗುರುತು. ಗುರುತು ಸಿಗದ ಹೆಣಗಳಲ್ಲಿ ಯಾವುದೂ ಅವಳ ಮಗನದಲ್ಲ ಎಂದು ಮಿಷನ್ನು ಹೇಳಿತು. ಆಫೀಸಿನಿಂದ ಸುದ್ದಿ ಹೋದ ಸಂಜೆ ಟೈಲರಮ್ಮ ಫೋನು ಮಾಡಿದಳು.

"ಹಾಗಾದ್ರೆ ಅಲ್ಲಿಲ್ಲ ಅವನು."

"ಇಲ್ಲ ಅಮ್ಮಾ. ಇಷ್ಟರಲ್ಲಿ ಇಲ್ಲ."

"ಸರಿ. ಬೇರೆ ಕಡೆ ಹುಡುಕ್ತೀನಿ. ನನ್ನದು ಅಲ್ಲೇ ಇರಲಿ ಮೇಡಂ, ಆ ಕಪಾಟಲ್ಲಿ. ತೆಗೀಬೇಡಿ." ಹಿಂದೆ ಹೊಲಿಗೆ ಮಿಷನ್ನಿನ ಸದ್ದು ಕೇಳಿಸುತ್ತಿತ್ತು, ಯಾರಿಗೋ ಅವಳು ಕೆಲಸ ಕಲಿಸುತ್ತಿದ್ದಳೋ, ತಾನೇ ತುಳಿಯುತ್ತಿದ್ದಳೋ.

ಹಾಗೆ ಮಾವನ ಕೊನೆಯ ಕವರು ಮುಗಿಯಿತು.

ತ್ಯಾಜ್ಯ ಸುಡುವ ಕುಲುಮೆ ಕಟ್ಟಡದ ಹಿಂದೆ ಇತ್ತು. ಸಾಕ್ಷಿಯಾಗಿ ಮಿಷನ್ನಿನ ಹುಡುಗಿ ಬಂದಳು. ಕಂಪ್ಯೂಟರಿನಲ್ಲಿದ್ದ ಅವನ ಅಂಕಿಗಳ ಸಾಲನ್ನು ಬೆಳಿಗ್ಗೆಯೇ ಅಳಿಸಿ, ಮೂಗು ಕೆಂಪು ಮಾಡಿಕೊಂಡಿದ್ದಳು. ಫ್ರಿಜ್ಜಮ್ಮ ಕವರಿನ ನಂಬರನ್ನು ಗಟ್ಟಿಯಾಗಿ ಓದಿದಳು. ಹುಡುಗಿ ಹೌದೆಂದು ತಲೆಯಾಡಿಸಿದಳು. ಆಮೇಲೆ ಫ್ರಿಜ್ಜಮ್ಮ ತನ್ನ ಮಾಸ್ಕನ್ನು ಗಲ್ಲದ ಕೆಳಗೆ ಎಳೆದಳು.

"ಅಕ್ಕಾ, ಮಾಸ್ಕ್!" ಅಭ್ಯಾಸಬಲದಿಂದ ಹುಡುಗಿ ಕೂಗಿದಳು.

"ಇರಲಿ ಬಿಡೇ. ಇದು ಇನ್ನು ಯಾವ ಮಿಷನ್ನಿಗೂ ಹೋಗಲ್ಲ."

ಕವರನ್ನು ಬಾಯಿಯ ಹತ್ತಿರ ಹಿಡಿದು, ಗುಟ್ಟೇನೂ ಅಲ್ಲದ ದನಿಯಲ್ಲಿ ಹೇಳಿದಳು. "ಬಸ್ಸು ಹೋದ್ರೆ ಹೋಗಲಿ ಪುಣ್ಯಾತ್ಮ. ಮಾತಾಡು."

ಸ್ವಲ್ಪ ಹೊತ್ತು ಇಬ್ಬರೂ ಹಾಗೇ ನಿಂತರು. ಆಮೇಲೆ ಅವಳು ಕವರನ್ನು ಒಳಗಿಟ್ಟು ಬಾಗಿಲು ಹಾಕಿದಳು.