ಮೂರನೆಯ ರೀಲಿನ ಅವ್ವ

ನಮ್ಮ ಸಂಘದ ನಿಯಮಾವಳಿಯಲ್ಲಿ ಹದಿನಾಲ್ಕು ನಿಯಮಗಳಿದ್ದವು. ಸದಸ್ಯರು ಹದಿಮೂರು ಜನ. ತಲೆಗೊಂದರಂತೆ ಹಂಚಿದರೂ ಒಂದು ಮಿಗುತ್ತಿತ್ತು. ಆ ಒಂದನ್ನು ಕಾರ್ಯದರ್ಶಿಯಾದ ನಾನೇ ಹೆಚ್ಚುವರಿಯಾಗಿ ಪಾಲಿಸುತ್ತಿದ್ದೆ.

ಸಂಘವೆಂದರೆ ಹಾಲಿನದಲ್ಲ, ಕಬ್ಬಿನದೂ ಅಲ್ಲ. ಚಿತ್ರಕಥೆ ಓದುವವರ ಸಂಘ. ಎಪ್ಪತ್ತರ ದಶಕದ ನಡುಭಾಗದಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಊರು ಜಾಲಾಡಿದರೆ, ಮೀಸೆ ಬಂದ ಮೇಲೂ ಮಕ್ಕಳ ಚಿತ್ರಪುಸ್ತಕ ಬಿಡಲಾರದ ಗಂಡಸರು ಹದಿಮೂರು ಜನ ಸಿಕ್ಕಿದರು. ಸಿಗದೆ ಉಳಿದವರು ಪಂಚಾಂಗದೊಳಗೆ ಇಟ್ಟುಕೊಂಡು ಓದುತ್ತಿದ್ದರೆಂದು ನನ್ನ ಗುಮಾನಿ. ತಿಂಗಳಿಗೊಂದು ಭಾನುವಾರ ಸಭೆ. ಮುಖವಾಡದ ವೀರರು ಸ್ನಾನ ಮಾಡುವಾಗ ಮುಖವಾಡ ತೆಗೆಯುತ್ತಾರೋ ಇಲ್ಲವೋ ಎಂಬುದನ್ನು ಎರಡು ಸಭೆಗಳಲ್ಲಿ ಚರ್ಚಿಸಿ ಮೂರನೆಯದಕ್ಕೆ ಮುಂದೂಡಿದ್ದೆವು. ನನ್ನ ಹೆಂಡತಿಗೆ ಇದು ತಿಳಿದಾಗ, ಗಂಡ ಇಸ್ಪೀಟಾಡುತ್ತಾನೆ ಅಂದರೂ ನಾಲ್ಕು ಜನದ ಮುಂದೆ ಹೇಳಿಕೊಳ್ಳಬಹುದಿತ್ತು ಅಂದಳು.

ನಾನು ಮಂಡ್ಯದಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು. ಸಂಘದ ಇನ್ನೊಂದು ಕಂಬ ನನ್ನ ಗೆಳೆಯ. ಆತಗೂರಿನ ಕಡೆಯವನು, ಮದ್ದೂರಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಈಗ ಮದ್ದೂರಿನಲ್ಲೇ, ಗೊಬ್ಬರದ ಚಿತ್ರ, ಕುಟುಂಬ ಯೋಜನೆಯ ಚಿತ್ರಗಳನ್ನು ಹಳ್ಳಿಗಳಿಗೆ ತೋರಿಸುವ ಜೀಪಿನಲ್ಲಿ ಆಪರೇಟರು. ಪ್ರೊಜೆಕ್ಟರ್ ಅವನ ಕೈಯಲ್ಲಿ ಸಾಕಿದ ಹಸುವಿನಂತೆ ನಿಲ್ಲುತ್ತಿತ್ತು. ಹೈಸ್ಕೂಲಿನಲ್ಲಿ ನಾನು ಪದ್ಯ ವಾಚಿಸಿ ಬಂದು ಕೂತರೆ, ಅವನು ಬೆಂಚಿನ ಕೆಳಗೆ ಬಗ್ಗಿ ಅದೇ ಪದ್ಯವನ್ನು ನನ್ನದೇ ದನಿಯಲ್ಲಿ, ನನ್ನದೇ ಕೆಮ್ಮಿನ ಸಮೇತ ಇನ್ನೊಮ್ಮೆ ವಾಚಿಸುತ್ತಿದ್ದ. ಏಟು ಮಾತ್ರ ನನಗೆ ಬೀಳುತ್ತಿತ್ತು.

ಆ ವರ್ಷ ಸಂಘ ಒಂದು ಸಮ್ಮೇಳನ ನಡೆಸಬೇಕೆಂದು ಠರಾವಾಯಿತು. ಮೂರೂ ಊರಿನ ಅಭಿಮಾನಿಗಳು, ಜೊತೆಗೆ ಸುತ್ತಲ ಶಾಲೆಗಳ ಮಕ್ಕಳು, ಮದ್ದೂರಿನ ಒಂದು ಮದುವೆ ಛತ್ರದಲ್ಲಿ ಸೇರುವುದು. ಅಲ್ಲಿ ಜಪಾನಿನ ಬೊಂಬೆ ಚಿತ್ರವೊಂದನ್ನು ತೋರಿಸುವುದು. ಬೊಂಬೆ ಚಿತ್ರವೆಂದರೆ ಬರೆದ ಚಿತ್ರಗಳು ತಾವಾಗಿ ಓಡಾಡುವ ಸಿನಿಮಾ. ಪರದೇಶದ ಚಿತ್ರಗಳನ್ನು ಸಂಘಸಂಸ್ಥೆಗಳಿಗೆ ಎರವಲು ಕೊಡುವ ಖಾಸಗಿ ಭಂಡಾರವೊಂದು ಬೆಂಗಳೂರಿನಲ್ಲಿತ್ತು. ನಮ್ಮ ರಬ್ಬರ್ ಸ್ಟಾಂಪನ್ನು ಮೂರು ಕಡೆ ಒತ್ತಿ ಬರೆದ ಪತ್ರಕ್ಕೆ ಅವರು ಮಣಿದರು. ಹತ್ತು ದಿನದ ಮಟ್ಟಿಗೆ ಮೂರು ರೀಲು ತಗಡಿನ ಡಬ್ಬಗಳಲ್ಲಿ ರೈಲಿನಲ್ಲಿ ಬಂದು ಇಳಿದವು. ಜೊತೆಗೆ ಇಂಗ್ಲಿಷಿನಲ್ಲಿ ಟೈಪಾದ ಒಂದು ಹಾಳೆ ಸಾರಾಂಶ.

ಚಿತ್ರದೊಳಗೆ ಮಾತೆಲ್ಲ ಜಪಾನಿ. ನಮ್ಮಲ್ಲಿ ಯಾರಿಗೂ ಬಾರದ ಆ ಭಾಷೆಯನ್ನು, ಸಾರಾಂಶ ನೋಡಿಕೊಂಡು, ಮೈಕಿನಲ್ಲಿ ಕನ್ನಡಕ್ಕೆ ತರುವ ಹೊಣೆಯನ್ನು ಸಂಘ ನನಗೆ ವಹಿಸಿತು. ವಹಿಸಿತು ಅನ್ನುವುದು ನಡಾವಳಿಯ ಭಾಷೆ. ನಾನೇ ಸೂಚಿಸಿ, ನಾನೇ ಅನುಮೋದಿಸಿ, ಉಳಿದವರು ಚಹಾ ಕುಡಿಯುವಾಗ ಬರೆದುಕೊಂಡೆ. ಇಷ್ಟು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಆವರೆಗಿನ ಬದುಕಿನಲ್ಲಿ ನಾನು ಅಷ್ಟು ಬಯಸಿದ್ದು ಇನ್ನೊಂದಿರಲಿಲ್ಲ. ಪುಸ್ತಕದಲ್ಲಿ ಮೂಕರಾಗಿದ್ದವರು ಪರದೆಯ ಮೇಲೆ ಬಾಯಿ ತೆರೆಯುತ್ತಾರೆ, ಆ ಬಾಯಿಂದ ನನ್ನ ಕನ್ನಡ ಬರುತ್ತದೆ. ಇದಕ್ಕಿಂತ ದೊಡ್ಡ ಪದವಿ ಜಿಲ್ಲೆಯಲ್ಲಿ ಯಾವುದಿದೆ?

ಮೊದಲ ಭಾನುವಾರ ಗೆಳೆಯನ ಕಚೇರಿಯ ಗೋಡೆಯ ಮೇಲೆ ಎರಡು ರೀಲು ನೋಡಿದೆವು. ನದಿಯ ದಂಡೆಯಲ್ಲೊಬ್ಬ ಹುಡುಗ, ಅವನ ಜೊತೆಗೊಂದು ನೀರುನಾಯಿ. ಅವ್ವ ದೋಣಿ ಹತ್ತಿ ಪೇಟೆಗೆ ಹೋಗುತ್ತಾಳೆ, ಹೊತ್ತು ಮುಳುಗಿದರೂ ಬರುವುದಿಲ್ಲ. ಇವರಿಬ್ಬರೂ ಹುಡುಕಿಕೊಂಡು ಹೊರಡುತ್ತಾರೆ. ಸಾರಾಂಶದಲ್ಲೂ ಒಬ್ಬ ಹುಡುಗ, ಅವನ ನಂಬಿಕೆಯ ಪ್ರಾಣಿ, ಒಂದು ನದಿ ಇದ್ದವು. ಕೊನೆಯಲ್ಲಿ ಅವ್ವ ಪ್ರವಾಹದಲ್ಲಿ ತೀರಿಹೋಗುತ್ತಾಳೆ, ಹುಡುಗ ಒಂಟಿಯಾಗಿ ದೊಡ್ಡವನಾಗುತ್ತಾನೆ ಎಂದಿತ್ತು. ಇಂಥದ್ದನ್ನು ಮಕ್ಕಳಿಗೆ ಹೇಗೆ ಹೇಳುವುದು ಎಂಬ ಚಿಂತೆ ಒಂದು ಕಡೆ. ಹೇಳುವವನು ನಾನೇ ಎಂಬ ಖುಷಿ ಇನ್ನೊಂದು ಕಡೆ.

ಆ ದಿನವೇ ಜಗಳವೂ ಆಯಿತು. ಹುಡುಗ ಬುತ್ತಿ ಬಿಚ್ಚಿ ಬೆಳ್ಳಗಿನ ಉಂಡೆ ತಿನ್ನುವ ಜಾಗದಲ್ಲಿ, ಮುದ್ದೆ ಅನ್ನು, ನಮ್ಮ ಐಕ್ಳಿಗೆ ಬೇಗ ಅರ್ಥ ಆಯ್ತದೆ ಅಂದ ಗೆಳೆಯ. ಬಿಳೀ ಮುದ್ದೆಯನ್ನು ಎಲ್ಲಿ ಕಂಡಿದ್ದೀಯೆಂದು ಕೇಳಿದೆ. ನೀರುನಾಯಿಯನ್ನು ಮಳವಳ್ಳಿ ಕಡೆಯ ಬಂಡೂರು ಟಗರು ಮಾಡೋಣ ಅಂದ. ಟಗರು ನೀರಿನಡಿ ಮೀನು ಹಿಡಿಯುವುದನ್ನು ಮಳವಳ್ಳಿಯವರು ಒಪ್ಪಲಾರರೆಂದೆ. ನನ್ನದು ಒಂದೇ ಹಟ: ಜಪಾನಿನದು ಜಪಾನಿನದಾಗಿಯೇ ಬರಬೇಕು, ಮಾತು ಮಾತ್ರ ಕನ್ನಡ. ಅವನು ಸೂಚಿಸಿದ ಇಪ್ಪತ್ತು ಮಾತುಗಳಲ್ಲಿ ಇಪ್ಪತ್ತನ್ನೂ ಹೊಡೆದುಹಾಕಿದೆ. ಅವನು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಆಮೇಲೆ ರೀಲು ಸುತ್ತುತ್ತಾ ತಲೆ ಎತ್ತದೆ ಹೇಳಿದ:

“ಪೇಪರ್ನಾಗಿರೋ ಎಸ್ರು ಒಂದ್ಸಲಾನೂ ಕಿವಿಗೆ ಬೀಳ್ನಿಲ್ವಲ್ಲೋ. ಅವ್ವ ಕೂಗಿದ್ದು ಬ್ಯಾರೆ ಎಸ್ರು ಕಣ್ಲಾ.”

ನನ್ನ ಉತ್ತರ ಸಿದ್ಧವಾಗಿತ್ತು. ನಮ್ಮ ಕಡೆ ಯಾರಿಗೆ ಒಂದೇ ಹೆಸರಿದೆ? ಹಾಜರಿ ಪುಸ್ತಕಕ್ಕೊಂದು, ಮನೆಗೊಂದು. ನನ್ನ ತರಗತಿಯಲ್ಲಿ ಹಾಜರಿ ಕೂಗಿದಾಗ ಅರ್ಧ ಮಕ್ಕಳು ಅದು ತಮ್ಮ ಹೆಸರೆಂದು ಮರೆತು ಕೂತಿರುತ್ತಾರೆ. ಅವರವ್ವ ಬಾಗಿಲಲ್ಲಿ ನಿಂತು ಮನೆ ಹೆಸರು ಕೂಗಿದರೆ ಥಟ್ಟನೆ ಏಳುತ್ತಾರೆ. ನಮ್ಮ ಸಂಘದ ಒಂಬತ್ತನೇ ನಿಯಮವೂ ಅದೇ: ಸದಸ್ಯರು ನಡಾವಳಿ ಪುಸ್ತಕದಲ್ಲಿ ಮನೆಯಲ್ಲಿ ಕರೆಯುವ ಹೆಸರಿನಲ್ಲೇ ಸಹಿ ಮಾಡತಕ್ಕದ್ದು. ಸಾರಾಂಶದಲ್ಲಿರುವುದು ಹುಡುಗನ ಹಾಜರಿ ಹೆಸರು, ಅವ್ವ ಕೂಗುವುದು ಮನೆ ಹೆಸರು, ಜಪಾನಿನವರೂ ನಮ್ಮಂಥ ಮನುಷ್ಯರೇ ಎಂದು ತೀರ್ಪು ಕೊಟ್ಟೆ. ಅವನು ಡಬ್ಬದ ಮೇಲಿನ ನಂಬರು ನೋಡಿದ, ಹಾಳೆಯ ಮೂಲೆ ನೋಡಿದ, ಮತ್ತೆ ಏನೋ ಹೇಳಲು ಬಾಯಿ ತೆರೆದ.

“ನೀನು ಮಿಷನ್ ನೋಡ್ಕೋ. ಮಾತು ನಾನು ನೋಡ್ಕೋತೀನಿ” ಅಂದೆ.

ಬಾಯಿ ಮುಚ್ಚಿದ. ಮೂರನೆಯ ರೀಲು ಅಂಚಿನಲ್ಲಿ ಹರಿದಿದೆ, ಅಂಟಿಸಬೇಕು, ಸಮ್ಮೇಳನದ ದಿನವೇ ಒಂದು ಸಲ ಓಡಿಸುವುದು ಕ್ಷೇಮ, ಅದರ ಮಾತನ್ನು ಸಾರಾಂಶ ನೋಡಿಕೊಂಡೇ ಬರೆದುಬಿಡು ಅಂದ. ಬರೆದೆ. ಮಂಡ್ಯದಲ್ಲಿ ಒಂದು ವಾರ ಬೆಳಗಿನ ಹೊತ್ತು ಹಿತ್ತಲ ಕಟ್ಟೆಯ ಮೇಲೆ ಕೂತು ಆ ಅವ್ವನ ಸಾವನ್ನು ಬರೆದೆ. ಓದಿ ತೋರಿಸಿದಾಗ ನನ್ನ ಹೆಂಡತಿ ಕಣ್ಣು ಒರೆಸಿಕೊಂಡಳು. ಈರುಳ್ಳಿ ಹೆಚ್ಚುತ್ತಿದ್ದಳು ನಿಜ, ಆದರೂ ಅರ್ಧ ಪಾಲು ನನ್ನದೆಂದೇ ಲೆಕ್ಕ.

ಸಮ್ಮೇಳನದ ಮಧ್ಯಾಹ್ನ ಛತ್ರದ ಕಿಟಕಿಗಳಿಗೆಲ್ಲ ಕರಿ ಕಂಬಳಿ, ಗೋಣಿ ತಾಟು ಬಿಗಿದು ಕತ್ತಲೆ ಮಾಡಿದೆವು. ದುದ್ದದಿಂದ ಒಂದು ಬಸ್ಸಿನ ತುಂಬ ಮಕ್ಕಳು ಬಂದರು. ಮಳವಳ್ಳಿಯ ಸದಸ್ಯರೊಬ್ಬರು, ಕುರಿ ಸಾಕುವ ದೊಡ್ಡ ರೈತರು, ಪ್ಯಾಂಟಿನ ಮೇಲೆ ಕೆಂಪು ಚಡ್ಡಿ ತೊಟ್ಟು, ಬೆನ್ನಿಗೆ ದುಪ್ಪಟಿ ಕಟ್ಟಿಕೊಂಡು, ಚಿತ್ರಕಥೆಯ ವೀರರಂತೆ ಬಸ್ಸಿನಿಂದ ಇಳಿದರು. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೂ ತಿರುಗಿ ನೋಡಲಿಲ್ಲವಂತೆ. ಯಾವುದೋ ನಾಟಕದವರು ಅಂದುಕೊಂಡರು. ಅದೊಂದು ಕೊರಗು ಅವರಿಗೆ ಕಡೆತನಕ ಇತ್ತು. ಜೊತೆಗೆ ತಮ್ಮ ತಾಯಿಯನ್ನೂ ಕರೆತಂದಿದ್ದರು. ಆ ಅಜ್ಜಿ ಮುಂದಿನ ಸಾಲಿನಲ್ಲಿ ಮಕ್ಕಳ ನಡುವೆ ಎಲೆಅಡಿಕೆ ಸಂಚಿ ಬಿಚ್ಚಿಕೊಂಡು ಕೂತರು.

ಎರಡು ರೀಲು ದೋಣಿ ತೇಲಿದಂತೆ ಹೋಯಿತು. ನೀರುನಾಯಿಗೆ ನಾನು ಕೊಟ್ಟ ಕೀರಲು ದನಿಗೆ ಮಕ್ಕಳು ಹೊಟ್ಟೆ ಹಿಡಿದುಕೊಂಡರು. ಮೂರನೆಯ ರೀಲು ಶುರುವಾಯಿತು. ಪರದೆಯ ಮೇಲೆ ಹುಡುಗ ದಂಡೆಯಲ್ಲಿ ಕೂತು ಅಳುತ್ತಿದ್ದ. ಇದೇ ಜಾಗವೆಂದುಕೊಂಡು, ನಾನು ವಾರವಿಡೀ ಬರೆದ ಸಾವನ್ನು ಮೈಕಿಗೆ ಒಪ್ಪಿಸಿದೆ. ಪ್ರವಾಹ ಬಂತು, ತಾಯಿ ಹೋದಳು, ಇನ್ನು ನಿನಗೆ ನೀನೇ. ಕತ್ತಲಲ್ಲಿ ಮೂಗು ಸೊರಗುಟ್ಟುವ ಸದ್ದು ಒಂದೊಂದಾಗಿ ಎದ್ದಿತು. ಒಳ್ಳೆಯ ಸದ್ದು ಅದು. ಅಷ್ಟರಲ್ಲಿ ಪರದೆಯ ಬಲ ಮೂಲೆಯಿಂದ, ತಲೆಯ ಮೇಲೆ ಗಂಟು ಹೊತ್ತು, ಅವ್ವ ನಡೆದು ಬಂದಳು.

ನನ್ನ ಕೈಲಿದ್ದ ಹಾಳೆಯಲ್ಲಿ ಅವಳು ಸತ್ತು ಎರಡು ಪ್ಯಾರಾ ಆಗಿತ್ತು. ಹಾಳೆ ತಿರುವಿ ಹಿಂಬದಿ ನೋಡಿದೆ, ಖಾಲಿಯಿತ್ತು. ಅವಳು ಗಂಟು ಇಳಿಸಿ ಹುಡುಗನನ್ನು ಬಾಚಿ ತಬ್ಬಿದಳು, ಜಪಾನಿಯಲ್ಲಿ ಏನೇನೋ ಹೇಳಿದಳು. ಮುಂದಿನ ಸಾಲಿನಿಂದ ಅಜ್ಜಿಯ ಮಾತು ಸ್ಪಷ್ಟವಾಗಿ ಕೇಳಿಸಿತು:

“ಸತ್ತೋದ್ಲು ಅಂದ್ರಲ್ಲ ಮೇಷ್ಟ್ರೇ. ಇಲ್ಲೇ ಅವ್ಳಲ್ಲಪ್ಪ.”

ಮಕ್ಕಳು ಗೊಳ್ಳೆಂದರು. ಆ ನಗು ಎಷ್ಟು ಹೊತ್ತು ಇತ್ತೋ, ನನ್ನ ಕಿವಿಯಲ್ಲಿ ಈಗಲೂ ಸ್ವಲ್ಪ ಉಳಿದಿದೆ. ಆಗ ಪ್ರೊಜೆಕ್ಟರಿನ ಪಕ್ಕದಿಂದ ಒಂದು ಕೈ ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡಿತು. ಮೈಕಿನಲ್ಲಿ ಒಂದು ಕೆಮ್ಮು. ನನ್ನ ಕೆಮ್ಮು. ಆಮೇಲೆ ನನ್ನ ದನಿ:

“ಸತ್ತಳೆಂದು ಊರವರು ಹೇಳಿದ್ದರು, ಮಕ್ಕಳೇ. ಊರವರ ಮಾತನ್ನು ನೀವೂ ನಂಬಿಬಿಟ್ಟಿರಾ?”

ನಗು ಚಪ್ಪಾಳೆಯಾಯಿತು. ಅಲ್ಲಿಂದ ಕೊನೆಯವರೆಗೆ ನನ್ನ ಗೆಳೆಯ ನನ್ನ ದನಿಯಲ್ಲಿ ಮಾತಾಡಿದ. ಬಾಯಿ ತೆರೆದಾಗ ಮಾತು, ಮುಚ್ಚಿದಾಗ ಮೌನ, ಕೂದಲೆಳೆ ಅತ್ತಿತ್ತ ಇಲ್ಲ. ಮುದ್ದೆ ಬರಲಿಲ್ಲ, ಟಗರು ಬರಲಿಲ್ಲ. ಜಪಾನಿನದು ಜಪಾನಿನದಾಗಿಯೇ ಬಂತು. ಹುಡುಗನನ್ನು ಅವ್ವ ಕೂಗುವ ಆ ಮನೆ ಹೆಸರನ್ನೇ ಅವನೂ ಕೂಗಿದ. ನನ್ನ ಸಿದ್ಧಾಂತವನ್ನು ನನಗಿಂತ ಚೆನ್ನಾಗಿ ಪಾಲಿಸಿದ. ಒಂದು ಸಲವೂ ನೋಡದ ರೀಲಿಗೆ ಹೀಗೆ ಮಾತು ಕೂರುವುದಿಲ್ಲವೆಂದು ಹೊಳೆಯಲು ನನಗೆ ಆ ಗಡಿಬಿಡಿಯಲ್ಲಿ ಬುದ್ಧಿ ಸಾಲಲಿಲ್ಲ. ಬಚಾವಾದೆ ಎಂಬುದಷ್ಟೇ ಇತ್ತು.

ಕಂಬಳಿ ಸರಿಸಿ ಬೆಳಕು ಬಿಟ್ಟಾಗ ಮೈಕು ಮತ್ತೆ ನನ್ನ ಕೈಯಲ್ಲಿತ್ತು, ಅವನು ಮಿಷನ್ನಿನ ಹಿಂದೆ ಬಗ್ಗಿದ್ದ. ಯಾರಿಗೂ ಗೊತ್ತಾಗಿರಲಿಲ್ಲ. ಸುಗಂಧರಾಜದ ಹಾರ ತಂದು ನನ್ನ ಕೊರಳಿಗೆ ಹಾಕಿದರು. ಅದರಲ್ಲೂ ಆ ಕೊನೇ ರೀಲು, ಮೇಷ್ಟ್ರೇ, ಅಂತ ಒಬ್ಬರಾದ ಮೇಲೆ ಒಬ್ಬರು ಹೇಳಿದರು. ನಾನು ಕೈ ಮುಗಿದೆ. ಬೇರೇನೂ ಹೇಳಲಿಲ್ಲ.

ಊಟದ ಪಂಕ್ತಿಯಲ್ಲಿ ಮಳವಳ್ಳಿಯ ವೀರರು ದುಪ್ಪಟಿಯನ್ನು ಮಡಿಲಿಗೆ ಹಾಸಿಕೊಂಡು ನನ್ನ ಪಕ್ಕ ಕೂತಿದ್ದರು. ಬುಧವಾರ ಕೇಳಿದ್ದಕ್ಕಿಂತ ಇವತ್ತು ಇನ್ನೂ ಚೆನ್ನಾಗಿ ಬಂತು ಅಂದರು. ಯಾವ ಬುಧವಾರವೆಂದು ಕೇಳಿದೆ. ಅವರು ಕೆಲಸದ ಮೇಲೆ ಮದ್ದೂರಿಗೆ ಬಂದಾಗ ಆಪರೇಟರು ಕಚೇರಿಯಲ್ಲಿ ಮೂರನೇ ರೀಲು ಹಾಕಿಕೊಂಡು, ಬಾಯಲ್ಲಿ ಮಾತು ಹೇಳುತ್ತಾ ಮತ್ತೆ ಮತ್ತೆ ಓಡಿಸುತ್ತಿದ್ದನಂತೆ. ಮೇಷ್ಟ್ರು ಬರೆದುಕೊಟ್ಟದ್ದು, ಅಳತೆ ನೋಡ್ತಿದೀನಿ ಅಂದನಂತೆ. ನನ್ನ ಎಲೆಯ ಮೇಲಿದ್ದ ಅನ್ನ ಹಾಗೇ ತಣ್ಣಗಾಯಿತು.

ಎಲ್ಲರೂ ಹೋದ ಮೇಲೆ ಅವನು ಛತ್ರದಲ್ಲಿ ಒಬ್ಬನೇ ರೀಲು ಹಿಂದಕ್ಕೆ ಸುತ್ತುತ್ತಿದ್ದ. ಹಾರ ಇನ್ನೂ ನನ್ನ ಕೊರಳಲ್ಲೇ ಇತ್ತು, ತೆಗೆಯಬೇಕೆಂದು ತೋಚಿರಲಿಲ್ಲ. ಹಾಳೆ ಬೇರೆ ಚಿತ್ರದ್ದೆಂದು ನಿನಗೆ ಗೊತ್ತಿತ್ತು ಅಂದೆ. ಗೊತ್ತಿತ್ತು, ಡಬ್ಬದ ನಂಬರೇ ಬೇರೆ ಇತ್ತು ಅಂದ. ರೀಲು ಹರಿದಿರಲಿಲ್ಲ ಅಂದೆ. ಇರಲಿಲ್ಲ ಅಂದ. ಇಷ್ಟು ವರ್ಷದ ಸ್ನೇಹ, ನೂರಾರು ಮಕ್ಕಳ ಮುಂದೆ ನನ್ನನ್ನು ಬೀಳಿಸಿದೆಯಲ್ಲೋ, ಮೊದಲೇ ಹೇಳಲು ನಿನಗೇನಾಗಿತ್ತು ಎಂದು ಕೇಳಿದೆ.

“ಯೋಳಕ್ ಬಂದ್ನಲ್ಲೋ. ಮಿಷನ್ ನೋಡ್ಕೋ ಅಂದೆ. ನೋಡ್ಕಂಡೆ.”

ರೀಲಿನ ತುದಿ ಪಟಪಟ ಬಡಿಯತೊಡಗಿತು. ಅದನ್ನು ನಿಲ್ಲಿಸಿ, ಡಬ್ಬಕ್ಕೆ ಹಾಕಿ, ಮುಚ್ಚಳ ಒತ್ತಿದ.

“ಹನ್ನೆಲ್ಡು ವರ್ಸದಿಂದ ಬರೀ ಮಿಷನ್ ಸದ್ದೇ ಕೇಳ್ಕಂಡಿವ್ನಿ ಕಣ್ಲಾ. ಒಂದ್ ರೀಲು ಮಾತಾಡವ ಅನ್ನುಸ್ತು. ನೀನು ಬಿದ್ರೆ ಮೈಕು ಸಿಕ್ತದೆ ಅಂತ ಗೊತ್ತಿತ್ತು. ನಿನ್ ಕತ್ಗೆ ಆರ ಆಕ್ದಾಗ ಏನಾರ ಯೋಳ್ತೀಯ ಅಂತ ನೋಡ್ತಿದ್ದೆ. ಬುಡು.”

ಆ ‘ಬುಡು’ವಿಗೆ ಉತ್ತರ ಹುಡುಕುತ್ತಾ ನಾನು ಮಂಡ್ಯದ ಬಸ್ಸು ಹತ್ತಿದೆ. ಅವನು ಮಾಡಿದ್ದು ದ್ರೋಹ. ಗಳಿಗೆ ಲೆಕ್ಕ ಹಾಕಿ ಬಲೆ ಒಡ್ಡಿದ, ನಾನು ಬೀಳುವವರೆಗೆ ಕಾದ, ಬಿದ್ದ ಮೇಲೆ ಎತ್ತಿದ. ಎತ್ತದೆ ಇದ್ದಿದ್ದರೆ ಅವನನ್ನು ಸಲೀಸಾಗಿ ದ್ವೇಷಿಸಬಹುದಿತ್ತು. ಆ ಅನುಕೂಲವನ್ನೂ ಅವನು ನನಗೆ ಉಳಿಸಲಿಲ್ಲ. ಇಷ್ಟೆಲ್ಲ ಯೋಚಿಸುವಾಗಲೂ ಹಾರದ ಪರಿಮಳ ಮೂಗಿಗೆ ಹೊಡೆಯುತ್ತಲೇ ಇತ್ತು. ಪಕ್ಕದ ಸೀಟಿನವರು ಮದುವೆಯಾಯಿತೇ ಎಂದು ವಿಚಾರಿಸಿದರು.

ಮುಂದಿನ ತಿಂಗಳ ಸಭೆಯಲ್ಲಿ ಸಮ್ಮೇಳನದ ನಡಾವಳಿಯನ್ನು ಕಾರ್ಯದರ್ಶಿ ಓದಬೇಕಿತ್ತು. ಅದನ್ನು ಬರೆಯಲು ನನಗೆ ನಾಲ್ಕು ದಿನ ಹಿಡಿದಿತ್ತು. ಅವನ ಹೆಸರು ಬರೆದೆ, ಹಾಳೆ ಹರಿದೆ. ನಡೆದದ್ದನ್ನೆಲ್ಲ ಬರೆದರೆ ಅವನ ದ್ರೋಹದ ಜೊತೆಗೆ ನನ್ನ ಹಾರವನ್ನೂ ಬರೆಯಬೇಕಾಗುತ್ತಿತ್ತು. ಕೊನೆಗೆ ಓದಿದ್ದು ಇಷ್ಟು: ‘ಮೂರೂ ರೀಲುಗಳ ಕನ್ನಡ ವಾಚನವನ್ನು ಕಾರ್ಯದರ್ಶಿಗಳು ನೆರವೇರಿಸಿದರು. ಯಂತ್ರದ ಉಸ್ತುವಾರಿಯೂ ತೃಪ್ತಿಕರವಾಗಿತ್ತು.’ ಓದುವಾಗ ನಾನು ತಲೆ ಎತ್ತಲಿಲ್ಲ. ಯಾರದಾದರೂ ತಿದ್ದುಪಡಿ ಇದೆಯೇ ಎಂದು ನಿಯಮದಂತೆ ಕೇಳಿದೆ. ಅವನು ಏನಾದರೂ ಹೇಳಲೆಂದು ಕಾದೆ. ಅವನು ಹೇಳಲಿಲ್ಲ. ಪುಸ್ತಕ ಸಹಿಗೆಂದು ಸಾಲಾಗಿ ಕೈಯಿಂದ ಕೈಗೆ ಹೋಗಿ, ಅವನ ಬಳಿಗೂ ಹೋಗಿ, ತಿರುಗಿ ನನ್ನ ಬಳಿಗೆ ಬಂತು.

ಅದಾದ ಮೇಲೆ ಅವನು ಸಭೆಗೆ ಬರಲಿಲ್ಲ. ಮಿಷನ್ ಇಲ್ಲದೆ ಸಂಘವೂ ಹೆಚ್ಚು ಕಾಲ ಬಾಳಲಿಲ್ಲ. ನಡಾವಳಿ ಪುಸ್ತಕ ನನ್ನ ಹತ್ತಿರವೇ ಇದೆ. ಆ ಪುಟದಲ್ಲಿ ಹನ್ನೆರಡು ಜನ ಒಂಬತ್ತನೇ ನಿಯಮದಂತೆ ಮನೆ ಹೆಸರು ಬರೆದಿದ್ದಾರೆ. ಅವನು ಮಾತ್ರ ಇನಿಷಿಯಲ್ಲು ಸಮೇತ ಹಾಜರಿ ಪುಸ್ತಕದ ಹೆಸರು ಬರೆದಿದ್ದಾನೆ, ಕಚೇರಿಯ ರಸೀತಿಗೆ ಸಹಿ ಹಾಕುವಂತೆ. ಒಂದೇ ಬೆಂಚಿನಲ್ಲಿ ಕೂತ ಅಷ್ಟೂ ವರ್ಷಗಳಲ್ಲಿ ಆ ಹೆಸರಿನಿಂದ ನಾನು ಅವನನ್ನು ಒಂದು ಸಲವೂ ಕರೆದಿರಲಿಲ್ಲ.