ಜಾರುಬಂಡೆಗೆ ಉಳಿ ಹಾಕುವ ಬೈರಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾತ್ರಿ ಸುರಿದ ತುಂತುರು ಮಳೆಗೆ ಗುಡ್ಡವೆಲ್ಲ ಒದ್ದೆಯಾಗಿದೆ, ಕೆಳಗೆ ಜಲಾಶಯದ ನೀರಿನ ಮೇಲೆ ಮಂಜು ಕೂತಿದೆ. ಬಂಡೆಯ ಇಳಿಜಾರಿನ ಮೇಲ್ತುದಿಯಲ್ಲಿ ಬೈರಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಕುಕ್ಕರಗಾಲಲ್ಲಿ ಕೂತು, ಕೆಂಪು ಸಿಮೆಂಟಿನ ಮೆಟ್ಟಿಲಿಗೆ ಉಳಿಯಿಟ್ಟು ಸುತ್ತಿಗೆಯಿಂದ ಬಡಿಯುತ್ತಿದ್ದಾರೆ. ಏಟಿಗೊಂದು ಚಕ್ಕೆ ಎದ್ದು ಪೊದೆಗೆ ಹಾರುತ್ತದೆ. ಏಟಿಗೊಂದು ಬೈಗುಳವೂ ಹೊರಡುತ್ತದೆ. ಅವನ್ನೆಲ್ಲ ಇಲ್ಲಿ ಅಚ್ಚು ಹಾಕುವಂತಿಲ್ಲ, ಬಿಡಿ.

"ನಡುಮನೆ ನೆಲಕ್ಕೆ ಹಾಕೋದನ್ನ ತಂದು ಬೆಟ್ಟಕ್ಕೆ ಬಳ್ದವ್ರೆ. ಇವ್ರ ಬುದ್ಧಿಗಿಷ್ಟು ಬೆಂಕಿ ಹಾಕ!" ಎನ್ನುತ್ತಾರೆ ಬೈರಮ್ಮ. ಅಚ್ಚಿಗೆ ಒಗ್ಗುವುದು ಇಷ್ಟೇ.

ಘಾಟಿ ಸುಬ್ರಹ್ಮಣ್ಯದಲ್ಲಿ ಬಸ್ಸಿಳಿದು ಗದ್ದೆ ಬದುಗಳ ಮೇಲೆ ನಡೆದು ಬಂದರೆ ಈ ಜಲಾಶಯ. ಅದರ ಬೆನ್ನಿಗೇ ಬೋಳು ಬಂಡೆಗಳ ಗುಡ್ಡಸಾಲು. ಈಚೆಗೆ ಭಾನುವಾರವಾದರೆ ಸಾಕು, ಬೆಂಗಳೂರಿನಿಂದ ಹುಡುಗರು, ಮೇಷ್ಟ್ರುಗಳು, ಕಾರ್ಖಾನೆಯ ನೌಕರರು ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದುಬಿಡುತ್ತಾರೆ. ನೀರಿನ ಸುತ್ತ ಒಂದು ಸುತ್ತು ಹಾಕಿ, ಗುಡ್ಡ ಹತ್ತಿ, ತುದಿಯಲ್ಲಿ ಕೂತು ಚಿತ್ರಾನ್ನ ತಿಂದು, "ಎಂಥಾ ಒಳ್ಳೆ ದಾರಿ ಮಾರಾಯ!" ಎಂದು ಇಳಿದು ಹೋಗುತ್ತಾರೆ. ಅವರ ಲೆಕ್ಕದಲ್ಲಿ ಆ ದಾರಿ ಗುಡ್ಡದ ಜೊತೆಯಲ್ಲೇ ಹುಟ್ಟಿದ್ದು. ದಾರಿ ತಾನಾಗಿ ಉಳಿಯುವುದಿಲ್ಲ ಸ್ವಾಮಿ, ಯಾರಾದರೂ ಉಳಿಸಿಕೊಂಡು ಬರಬೇಕು.

ಮೊದಲು ಇಲ್ಲಿ ಗಾಡಿ ಜಾಡಿತ್ತು. ಅರವತ್ತರ ದಶಕದ ಮೊದಲಲ್ಲಿ ಏರಿ ಎದ್ದು ನೀರು ನಿಂತಾಗ ಆ ಜಾಡು ಮುಳುಗಿತು. ಅತ್ತ ಕಡೆಯ ಗುಂಡಪ್ಪನಪಾಳ್ಯದವರಿಗೆ ಬಸ್ಸಿಗಾಗಲಿ, ಆಸ್ಪತ್ರೆಗಾಗಲಿ, ನೀರಂಚಿನ ಹುಲ್ಲಿಗಾಗಲಿ ಈ ಬಂಡೆಯೊಂದೇ ದಾರಿಯಾಯಿತು. ಬರಿಗಾಲು ಓಡಾಡಿ ಓಡಾಡಿ ಬಂಡೆ ನುಣ್ಣಗಾಯಿತು. ಜನ ಅದಕ್ಕೆ ಜಾರುಬಂಡೆ ಎಂದು ಹೆಸರಿಟ್ಟರು. ಬಿದ್ದವರನ್ನು ಎತ್ತಿಕೊಂಡು ಹೋಗುವುದು, ಮತ್ತೆ ಅದೇ ಬಂಡೆ ಹತ್ತುವುದು, ಇಷ್ಟೇ ಆಯಿತು. ಹೊಸ ದಾರಿ ಮಾಡಿಕೊಡುತ್ತೇವೆ ಎಂದು ಹೇಳಿ ಹೋದ ಅಧಿಕಾರಿಗಳು ಮತ್ತೆ ಇತ್ತ ತಲೆ ಹಾಕಲಿಲ್ಲ.

ಬೈರಮ್ಮನ ಕಸುಬು ಒರಳಿಗೆ ಉಳಿ ಹಾಕುವುದು. ರುಬ್ಬಿ ರುಬ್ಬಿ ನುಣುಪಾದ ಒರಳು, ಬೀಸಿ ಬೀಸಿ ಸವೆದ ಬೀಸುವ ಕಲ್ಲು, ಇವಕ್ಕೆ ಸಣ್ಣ ಸಣ್ಣ ಏಟು ಕೊಟ್ಟು ಮತ್ತೆ ಒರಟು ಮಾಡಿಕೊಡುತ್ತಾರೆ. ಗಂಡ ಮುನಿಶಾಮಪ್ಪ ಕಲ್ಲು ಕೆಲಸದವರಾಗಿದ್ದರು. ಅವರು ತೀರಿಕೊಂಡ ಮೇಲೆ ಉಳಿಚೀಲ ಹೆಂಡತಿಯ ತಲೆಯೇರಿತು. ಅತ್ತ ಆವತಿ, ಇತ್ತ ಸೂಲಿಬೆಲೆಯ ತನಕ ಬೈರಮ್ಮ ಬೀದಿ ಬೀದಿ ಕೂಗಿಕೊಂಡು ಹೋಗದ ಊರಿಲ್ಲ. ಒಂದು ಸಲ ಹಾಗೆ ಹೊರಟವರು ಜಾರುಬಂಡೆಯ ಮೇಲೆ ಚೀಲದ ಸಮೇತ ಉರುಳಿದರು. ಎದ್ದು ಕೂತರು, ಮಂಡಿಯ ರಕ್ತ ಒರೆಸಿಕೊಂಡರು, ಚೀಲ ಬಿಚ್ಚಿದರು. ಅವತ್ತು ಊರೂರು ಸುತ್ತುವ ಕೆಲಸ ಅಲ್ಲಿಗೇ ನಿಂತಿತು.

"ಒರಳು ನುಣ್ಣಗಾದ್ರೆ ಉದ್ದು ನುರಿಯಲ್ಲ, ಬಂಡೆ ನುಣ್ಣಗಾದ್ರೆ ಕಾಲು ನಿಲ್ಲಲ್ಲ. ಎರಡೂ ಕಲ್ಲೇ ತಾನೆ? ಕೂತ್ಕಂಡೆ, ಹೊಡ್ದೆ" ಎನ್ನುತ್ತಾರೆ.

ಅಂದಿನಿಂದ ವರ್ಷಾ ವರ್ಷಾ ಮಳೆಗೆ ಮುಂಚೆ ಬೈರಮ್ಮ ಇಡೀ ಬಂಡೆದಾರಿಗೆ ಉಳಿ ಹಾಕುತ್ತಾ ಬಂದಿದ್ದಾರೆ. ಆಳಕ್ಕೆ ಹೊಡೆದರೆ ನೀರು ನಿಂತು ಪಾಚಿ ಕಟ್ಟುತ್ತದೆ, ಮೇಲೆ ಮೇಲೆ ಹೊಡೆದರೆ ಒಂದೇ ಸುಗ್ಗಿಗೆ ಸವೆಯುತ್ತದೆ. ಹದ ಕೈಗೇ ಗೊತ್ತು. ಹೊಡೆಯಮ್ಮಾ ಎಂದು ಯಾರೂ ಹೇಳಿದ್ದಿಲ್ಲ, ಹೊಡೆದೆಯಲ್ಲಮ್ಮಾ ಎಂದು ಯಾರೂ ಕರೆದು ಕೂರಿಸಿದ್ದೂ ಇಲ್ಲ. ಪಾಳ್ಯದ ಅಕ್ಕಯಮ್ಮ ಒಬ್ಬರು ಮಾತ್ರ ಹುಲ್ಲಿಗೆ ಬರುವಾಗ ಮಡಿಲಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡು ಬಂದು, ಪಕ್ಕದಲ್ಲಿ ಕೂತು, ಬೈರಮ್ಮ ತಿನ್ನುವ ತನಕ ಏಳುತ್ತಿರಲಿಲ್ಲ.

ಹೀಗಿರುವಾಗ ಹೋದ ವರ್ಷ, ಎಪ್ಪತ್ತಮೂರರ ಚಳಿಗಾಲದಲ್ಲಿ, ಯಾರೋ ದೊಡ್ಡ ಸಾಹೇಬರು ಗುಡ್ಡ ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ಪಂಚಾಯ್ತಿ ಚೇರ್ಮನ್ ದೊಡ್ಡಮುನಿಯಪ್ಪನವರಿಗೆ ಮೈಮೇಲೆ ದೇವರು ಬಂದಂತಾಯಿತು. ಆಗಷ್ಟೇ ತಮ್ಮ ಹೊಸ ಮನೆಗೆ ರೆಡ್ ಆಕ್ಸೈಡ್ ನೆಲ ಹಾಕಿಸಿದ್ದರು. ಮುಖ ನೋಡಿಕೊಳ್ಳುವಷ್ಟು ಹೊಳಪು. ಸುತ್ತಮುತ್ತ ಅಂಥ ನೆಲ ಇನ್ನೊಬ್ಬರ ಮನೆಯಲ್ಲಿಲ್ಲ. ಸಾಹೇಬರಿಗೂ ಅದೇ ಮರ್ಯಾದೆ ಆಗಲಿ ಎಂದು ಅದೇ ಗಾರೆಯವರನ್ನು ಕರೆಸಿ, ಬೈರಮ್ಮನ ಉಳಿಯೇಟಿನ ಮೇಲೆ ಸಿಮೆಂಟು ಸುರಿಸಿ, ಬಂಡೆಯ ಅಗಲಕ್ಕೂ ಮೆಟ್ಟಿಲು ಕಟ್ಟಿಸಿ, ಕೆಂಪು ಹಾಕಿಸಿ, ಮೇಣ ತಿಕ್ಕಿಸಿ ಮಿರಮಿರ ಮಿಂಚುವಂತೆ ಮಾಡಿಸಿಬಿಟ್ಟರು! ಗುಡ್ಡಕ್ಕೆ ಮೇಣ ತಿಕ್ಕಿದವರನ್ನು ಈ ಸೀಮೆ ಹಿಂದೆಂದೂ ಕಂಡಿರಲಿಲ್ಲ. ಬೇಡಿ ಚೇರ್ಮನ್ರೇ, ಮಳೆ ಬಿದ್ದರೆ ಕಾಲು ನಿಲ್ಲುವುದಿಲ್ಲ ಎಂದು ಬೈರಮ್ಮ ಕೈಮುಗಿದು ಹೇಳಿದರು. ಒರಳು ಕುಟ್ಟುವವಳಿಗೆ ಅಂದಚಂದ ಏನು ಗೊತ್ತು ಎಂದು ಚೇರ್ಮನ್ ಗಾರೆಯವರ ಮುಂದೆಯೇ ನಕ್ಕು ಕಳಿಸಿದರು.

ಸಾಹೇಬರು ಬಂದರು. ಏರಿಯ ಮೇಲೆ ಜೀಪು ನಿಲ್ಲಿಸಿ, ಎಳನೀರು ಕುಡಿದು, ಫೋಟೋ ತೆಗೆಸಿಕೊಂಡು ಹೊರಟುಹೋದರು. ಬಂಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಈ ಬೇಸಿಗೆಯ ಕೊನೆಗೆ ಮೊದಲ ಮಳೆ ಬಿತ್ತು. ಮಾರನೆಯ ಬೆಳಗ್ಗೆ ಅಕ್ಕಯಮ್ಮ ಹುಲ್ಲಿನ ಹೊರೆ ಹೊತ್ತು ಆ ಕೆಂಪು ಮೆಟ್ಟಿಲ ಮೇಲೆ ಕಾಲಿಟ್ಟವರು ಕೆಳಗಿನ ಕಾರೆಮುಳ್ಳಿನ ಪೊದೆಯ ತನಕ ನಿಲ್ಲಲಿಲ್ಲ. ಸೊಂಟ ಮುರಿಯಿತು. ಇವತ್ತಿಗೂ ಮಲಗಿದ ಚಾಪೆಯಿಂದ ಎದ್ದಿಲ್ಲ. ಮಗ್ಗುಲು ಬದಲಿಸುವುದಕ್ಕೂ ಸೊಸೆ ಕದಿರಮ್ಮನೇ ಬರಬೇಕು. ಬೈರಮ್ಮ ನೇರವಾಗಿ ಚೇರ್ಮನ್ ಮನೆ ಬಾಗಿಲಿಗೆ ಹೋದರು. ಸಿಕ್ಕಿದ ಉತ್ತರ ಇದು: "ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ. ನಡಿಯೋಕೆ ಬರದಿದ್ರೆ ಮೆಟ್ಲೇನಮ್ಮ ಮಾಡ್ತದೆ?"

ಆ ಮಾತು ನೆನೆದರೆ ಬೈರಮ್ಮನ ಮೈ ಈಗಲೂ ಉರಿಯುತ್ತದೆ. ಯಾರಿಗೆ ಉರಿಯುವುದಿಲ್ಲ? "ನೆಲ ಡೊಂಕಾಗಿದ್ರೆ ಚೆನ್ನಾಗಿತ್ತು ಕಣಪ್ಪಾ ಅಂದೆ. ನುಣ್ಣಗದೆ, ಅದೇ ರೋಗ ಅಂದೆ. ಬಾಗಿಲು ಹಾಕ್ಕೊಂಡ್ರು. ಸರಿ, ಇವ್ರನ್ನ ನೆಚ್ಕೊಂಡ್ರೆ ಇನ್ನೊಬ್ಬಳು ಬೀಳ್ತಾಳೆ ಅಂತ ಚೀಲ ಎತ್ಕೊಂಡು ಬಂದ್ಬಿಟ್ಟೆ."

ಅಂದಿನಿಂದ ಬೆಳಗಾದರೆ ಬೈರಮ್ಮ ಇಲ್ಲಿ. ಎಡಬದಿಯ ಅರ್ಧ ಅಗಲವನ್ನು ಕೆಳಗಿನಿಂದ ಮೇಲಿನ ತನಕ ಒಡೆದು ಒರಟು ಮಾಡಿ ಮುಗಿಸಿದ್ದಾರೆ. ಬಲಬದಿ ಇನ್ನೂ ಮೇಣದ ಹೊಳಪಿನಲ್ಲೇ ಇದೆ. ಹೆಂಗಸರು ಎಡಬದಿ ಹಿಡಿದು ಓಡಾಡುತ್ತಾರೆ, ಬೆಂಗಳೂರಿನವರನ್ನೂ ಕೂಗಿ ಎಡಕ್ಕೇ ಕಳಿಸುತ್ತಾರೆ. ಸರ್ಕಾರಿ ಮೆಟ್ಟಿಲು ಒಡೆದರೆ ಜೈಲು ಎಂದು ಚೇರ್ಮನ್ ಊರಲ್ಲಿ ಸಾರಿಸಿದ್ದಾರೆ. ಅಲ್ಲ, ಸೊಂಟ ಮುರಿದ ಮೆಟ್ಟಿಲಿಗಿಲ್ಲದ ಜೈಲು ಮೆಟ್ಟಿಲು ಮುರಿದವರಿಗೇಕೆ? ಪಂಚಾಯ್ತಿಯಲ್ಲಿ ಈ ಪ್ರಶ್ನೆ ಕೇಳುವ ಒಂದು ಗಂಡು ನಾಲಗೆಯೂ ಇಲ್ಲ.

"ಜೈಲಿಗೆ ಹಾಕಿದ್ರೆ ಹಾಕ್ಲಿ. ಜಡಿಮಳೆ ಹಿಡಿಯೋದ್ರೊಳಗೆ ಈ ಬಲಗಡೇದೂ ಮುಗೀಬೇಕು, ಅಷ್ಟೇ ನನ್ನ ಆಸೆ. ಆಮೇಲೆ ಎಲ್ಲಿಗೆ ಕರದ್ರೂ ಬರ್ತೀನಿ."

ಮಾತು ಮುಗಿಯುವಷ್ಟರಲ್ಲಿ ಕೆಳಗಿನಿಂದ ಕೂಗು. ಬಿಳೀ ಪಂಚೆ ಎತ್ತಿ ಕಟ್ಟಿಕೊಂಡು ದೊಡ್ಡಮುನಿಯಪ್ಪನವರೇ ಬಂದು ನಿಂತಿದ್ದಾರೆ. ಸುತ್ತಿಗೆಯ ಸದ್ದು ಅವರ ಮನೆಗೂ ಕೇಳಿಸಿರಬೇಕು.

"ಏಯ್ ಬೈರಮ್ಮ! ಇಳೀ ಕೆಳಕ್ಕೆ! ಪೊಲೀಸ್ನೋರ್ನ ಕರ್ಸ್ತೀನಿ ನೋಡು!"

"ಕರ್ಸಿ ಚೇರ್ಮನ್ರೇ. ನಾನೆಲ್ಲಿ ಓಡಿಹೋಗ್ತೀನಿ?"

"ಕೊಬ್ಬಾ ನಿಂಗೆ? ತಡಿ, ನಾನೇ ಬಂದು ಆ ಉಳಿ ಕಿತ್ತು ನೀರಿಗೆಸೀತೀನಿ!"

ಚೇರ್ಮನ್ ದಡದಡನೆ ಬಂದು, ಚಪ್ಪಲಿ ಕಳಚಿ, ತಾವು ಕಟ್ಟಿಸಿದ ಹೊಳೆಯುವ ಮೆಟ್ಟಿಲ ಮೇಲೆ ಒಂದು ಕಾಲಿಡುತ್ತಾರೆ. ಕಾಲು ಸರ್ರನೆ ಹಿಂದಕ್ಕೆ ಸರಿಯುತ್ತದೆ. ಪಕ್ಕದ ಗಿಡ ಹಿಡಿದುಕೊಂಡು ಹೇಗೋ ನಿಲ್ಲುತ್ತಾರೆ. ಯಾರಾದರೂ ನೋಡಿದರೇನೋ ಎಂದು ಹಿಂದೆ ಮುಂದೆ ನೋಡುತ್ತಾರೆ. ಆಮೇಲೆ ಏನೂ ಆಗದವರಂತೆ ಎಡಬದಿಗೆ ಸರಿದು, ಉಳಿಯೇಟು ಬಿದ್ದ ಜಾಗದಲ್ಲೇ ಒಂದೊಂದಾಗಿ ಕಾಲಿಡುತ್ತಾ ಮೇಲೆ ಹತ್ತುತ್ತಾರೆ. ಬೈರಮ್ಮ ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು, ಅವರು ಬರುವ ತನಕ ಆ ಪಾದಗಳನ್ನೇ ನೋಡುತ್ತಾ ಕೂರುತ್ತಾರೆ.

ಚೇರ್ಮನ್ ಎದುರಿಗೆ ಬಂದು ನಿಲ್ಲುತ್ತಾರೆ. ಏದುಸಿರು ಬಿಡುತ್ತಾ ಸೊಂಟದ ಮೇಲೆ ಕೈಯಿಡುತ್ತಾರೆ.

"ನಾನು ಒಡೆದಿರೋ ಕಡೆಯಿಂದ್ಲೇ ಬಂದ್ರಿ. ಬೀಳ್ಲಿಲ್ಲ, ಸದ್ಯ" ಎನ್ನುತ್ತಾರೆ ಬೈರಮ್ಮ. "ಈಗ ಬೈರಿ, ಕೇಳ್ತೀನಿ."