ಬಾಗಿಲ ಮೇಲಿನ ಗಿಳಿ

ಸಂಪಗಾಂವದಲ್ಲಿ ನಮ್ಮ ಪಕ್ಕದ ಮನೆಯ ಬಡಿಗರು ತಾವು ಮಾಡಿದ ಕೆಲಸವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಬೆರಳುಗಳ ಹಿಂಬದಿಯನ್ನು ಕಟ್ಟಿಗೆಯ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ನಮಗೆ ಕನ್ನಡಿಯಂತೆ ಕಂಡ ಹಲಗೆಗೂ ಅವರದು ಒಂದೇ ಮಾತು: "ಇನ್ನೂ ನುಣುಪ ಆಗಿಲ್ಲರಿ."

ಮಗಳ ಮದುವೆ ಗೊತ್ತಾದಾಗ ತಮ್ಮ ಮನೆಯ ತಲೆಬಾಗಿಲನ್ನು ಹೊಸದರಂತೆ ಮಾಡಲು ಹೊರಟರು. ಅದರ ಮೇಲ್ಪಟ್ಟಿಯಲ್ಲಿ ಅವರ ತಂದೆ ಕೆತ್ತಿದ ಗಿಳಿಗಳ ಸಾಲಿತ್ತು. ಎಣ್ಣೆ, ಅರಿಷಿಣ, ಬಣ್ಣ ಪದರುಪದರಾಗಿ ಕೂತು, ಕೆತ್ತನೆ ಎಷ್ಟು ತೆಳುವೆಂಬುದೇ ಮರೆತುಹೋಗಿತ್ತು. ಕಟ್ಟಿಗೆ ಉಜ್ಜುವ ಮಷಿನ್ ಕೊಳ್ಳಲು ಬೈಲಹೊಂಗಲಕ್ಕೆ ಹೋದಾಗ ನಾನೂ ಜೊತೆಗಿದ್ದೆ.

ಬಡಿಗರ ಕಣ್ಣು ಉಜ್ಜುಕಾಗದದ ಬೆಲ್ಟು ತಿರುಗುವ ದೊಡ್ಡ ಮಷಿನ್ ಮೇಲಿತ್ತು. ಅಂಗಡಿಯ ಹುಡುಗ ಅಂಗೈಯಲ್ಲಿ ಹಿಡಿಯುವಂಥ ಸಣ್ಣ ಮಷಿನ್ ಮುಂದಿಟ್ಟ. "ಕೆತ್ತನಿಗೆ ಇದಽ ಸಾಕ್ರಿ ಬಡಿಗ್ಯಾರ. ಆ ಬೆಲ್ಟಿಂದು ಕಟ್ಟಿಗೀನಽ ತಿಂದ್ ಬಿಡತೈತಿ."

ಬಡಿಗರು ನಕ್ಕರು. "ಇದು ಗಡ್ಡ ಮಾಡೂ ಮಷಿನ್ ಕಂಡಂಗ ಕಾಣತೈತಲ್ಲೋ ತಮ್ಮಾ! ಬೆಲ್ಟಿಂದಽ ಕೊಡು. ತಡಿಯಾಕ ನನ್ನ ಕೈ ಐತಿ."

ಮರುದಿನ ಬೆಳಿಗ್ಗೆ ಅವರು ಹತ್ತಿದ ಏಣಿಯನ್ನು ನಾನೇ ಹಿಡಿದಿದ್ದೆ. ಬೆಲ್ಟು ಬಣ್ಣಕ್ಕೆ ತಾಗಿತು, ಹಳದಿ ದೂಳು ಎದ್ದಿತು. ಅವರು ತಟ್ಟನೆ ಕೈ ಎತ್ತಿದರು. ದೂಳು ಇಳಿದಾಗ ಮೊದಲನೆಯ ಗಿಳಿ ಇರಲಿಲ್ಲ. ಕೊಕ್ಕು, ರೆಕ್ಕೆ ಯಾವುದೂ ಇರಲಿಲ್ಲ. ಬರಿಯ ತೇಗ ಹೊಸದಾಗಿ ಹೊಳೆಯುತ್ತಿತ್ತು.

ಅವರು ಮಷಿನ್ ಬಂದ್ ಮಾಡಿ ನನ್ನ ಕೈಗೆ ಇಳಿಸಿದರು. ಆಮೇಲೆ ಕಣ್ಣು ಮುಚ್ಚಿ, ಬೆರಳುಗಳ ಹಿಂಬದಿಯನ್ನು ಆ ಜಾಗದ ಮೇಲೆ ಎಳೆದರು. ಮತ್ತೆ ಎಳೆದರು.

"ನುಣುಪಾತರಿ," ಎಂದರು.